ಮೂವತ್ನಾಲ್ಕು ಮೀಟರ್

ನಮ್ಮ ಕಾಲೇಜಿನ ಸೀಟಿ ಮೇಷ್ಟ್ರು ಕೆಲಸ ಬಿಟ್ಟು ಎರಡು ವರ್ಷ ಆಯ್ತು. ಯಾಕೆ ಬಿಟ್ರು ಅಂತ ಹುಣಸೂರಲ್ಲಿ ಯಾರನ್ನಾದ್ರೂ ಕೇಳಿ, ಬಾಯಿಗೆ ಬಂದಂಗೆ ಹೇಳ್ತಾರೆ. ಕುಡಿಯೋ ಚಟ ಇತ್ತು ಅಂತಾನೆ ಒಬ್ಬ. ಹುಡುಗಿ ವಿಷಯ ಅಂತಾನೆ ಇನ್ನೊಬ್ಬ, ಅವನ ನಾಲ್ಗೆ ಸೇದೋಗ. ಎಲ್ಲಾ ಸುಳ್ಳು ಕಣ್ರೀ. ನಿಜ ಏನು ಅಂತ ನನಗೆ ಗೊತ್ತು, ಯಾಕಂದ್ರೆ ಅದರಲ್ಲಿ ನನ್ನ ಕೈಯೂ ಇತ್ತು. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈಗ ಹೇಳ್ತೀನಿ, ಕೇಳಿ.

ನಾನು ನಿಂಗರಾಜು, ಗಾವಡಗೆರೆ ಕಡೆಯೋನು. ಹುಣಸೂರಿನ ಒಂದು ಖಾಸಗಿ ಡಿಗ್ರಿ ಕಾಲೇಜಲ್ಲಿ ಅಟೆಂಡರ್. ಬೆಲ್ ಹೊಡೆಯೋದು, ಪ್ರಿನ್ಸಿಪಾಲರಿಗೆ ಟೀ ತರೋದು, ಗಿಡಕ್ಕೆ ನೀರು ಬಿಡೋದು, ಮೈದಾನಕ್ಕೆ ಸುಣ್ಣದ ಪುಡಿ ಹಾಕೋದು, ಎಲ್ಲಾ ನಂದೇ. ಸೀಟಿ ಮೇಷ್ಟ್ರ ಹೆಸರು ಬಸವಪ್ರಸಾದ್. ಕೆ.ಆರ್. ನಗರದ ಹತ್ರದ ಹಳ್ಳಿಯೋರು. ಕುತ್ತಿಗೇಲಿ ಯಾವಾಗಲೂ ಒಂದು ಸೀಟಿ ಇರ್ತಿತ್ತು, ಮದುವೆ ಊಟಕ್ಕೆ ಬಂದ್ರೂ ತೆಗೀತಿರಲಿಲ್ಲ, ಅದಕ್ಕೇ ಆ ಹೆಸರು. ಬಾಗಿಲ ಮೇಲೆ ಮಾತ್ರ ದೊಡ್ಡ ಬೋರ್ಡು: ದೈಹಿಕ ಶಿಕ್ಷಣ ನಿರ್ದೇಶಕರು. ನಮ್ಮವ್ವ ಚಿಕ್ಕಸಿದ್ದಮ್ಮ ಒಂದು ಸಲ ನನ್ನ ಬುತ್ತಿ ಕೊಡೋಕೆ ಬಂದೋಳು ಆ ಬೋರ್ಡನ್ನ ಯಾರ ಹತ್ರಾನೋ ಓದಿಸಿಕೊಂಡು, "ಯಾವ ಸಿನಿಮಾ ಮಾಡವ್ರಂತ್ಲಾ?" ಅಂತ ಕೇಳಿದ್ಲು.

ನಿರ್ದೇಶಕರು ಅಂದ್ರೆ ಏನೋ ದೊಡ್ಡದು ಅನ್ಕೋಬೇಡಿ. ಹದಿನಾಲ್ಕು ವರ್ಷ ದುಡಿದ ಮೇಲೂ ಅವರ ಸಂಬಳ ಹದಿನಾಲ್ಕು ಸಾವಿರ. ಅದೂ ವರ್ಷಕ್ಕೆ ಹತ್ತೇ ತಿಂಗಳು. ಏಪ್ರಿಲ್ ಮೇ ಬಂತು ಅಂದ್ರೆ ಇಲ್ಲ. ನನ್ನದು ಅನುದಾನದ ಪೋಸ್ಟು, ಖಾಯಂ. ನನಗೆ ಅವರಿಗಿಂತ ಎರಡು ಪಟ್ಟು ಬರ್ತಿತ್ತು. ಸುಣ್ಣ ಹಾಕೋನಿಗೆ ಜಾಸ್ತಿ, ಎಲ್ಲಿ ಹಾಕಬೇಕು ಅಂತ ಹೇಳೋರಿಗೆ ಕಮ್ಮಿ. ಹೆಂಗಿದೆ ನೋಡಿ ನ್ಯಾಯ! ರಜೆ ಎರಡು ತಿಂಗಳು ಅವರು ಕೆ.ಆರ್. ನಗರದ ಒಂದು ರೈಸ್‌ಮಿಲ್ಲಲ್ಲಿ ಮೂಟೆ ತೂಗಿಸೋ ಕೆಲಸ ಮಾಡ್ತಿದ್ರು. ಇದು ಕಾಲೇಜಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅಕ್ಕಿ ತರೋಕೆ ಹೋದಾಗ ನೋಡಿದ್ದೆ. ತಲೆ ಮೇಲೆಲ್ಲಾ ತೌಡಿನ ಧೂಳು. ನನ್ನನ್ನ ನೋಡಿ, "ಯಾರಿಗೂ ಹೇಳ್ಬೇಡ ಕಣಯ್ಯ, ಹುಡುಗರು ಮಾತು ಕೇಳಲ್ಲ ಆಮೇಲೆ" ಅಂದ್ರು.

ಸರ್ ಮದುವೆ ಆಗಲಿಲ್ಲ. ಪಿರಿಯಾಪಟ್ಟಣದಲ್ಲಿ ಸುಧಾ ಅಂತ ಒಬ್ರು ಟೀಚರ್ ಇದ್ರು. ಇವರಿಗೆ ಮನಸ್ಸಿತ್ತು, ಅವರಿಗೂ ಇತ್ತು. ಅವರ ಮನೆಯೋರು ಕೇಳಿದ್ದು ಒಂದೇ ಮಾತು, ಹುಡುಗ ಖಾಯಮ್ಮಾ ಅಂತ. ಮುಂದಿನ ವರ್ಷ ಆಗುತ್ತೆ ಅಂದ್ರು ಇವರು. ಆ ಮುಂದಿನ ವರ್ಷ ಮೂರು ಸಲ ಬಂದು ಹೋಯ್ತು. ನಾಲ್ಕನೇ ಸಲಕ್ಕೆ ಆ ಯಮ್ಮ ಬೇರೆ ಮದುವೆ ಆಗಿ ಹಾಸನಕ್ಕೆ ಹೋದ್ರು. ಪಾಪ, ಅವರ ತಪ್ಪೂ ಅಲ್ಲ ಬುಡಿ.

ಆಮೇಲೆ ಸರ್ ಬಸ್‌ಸ್ಟ್ಯಾಂಡ್ ಹಿಂದೆ ಒಂದು ರೂಮಲ್ಲಿ ಒಬ್ರೇ. ಊಟ ಮೆಸ್ಸಲ್ಲಿ. ಬೇರೆ ಲೆಕ್ಚರರ್ ಎಲ್ಲಾ ಸಾಯಂಕಾಲ ಮೈಸೂರು ಬಸ್ ಹತ್ತಿ ಮನೆಗೆ ಹೋಗ್ತಿದ್ರು, ಇವರಿಗೆ ಎಲ್ಲಿಗೆ ಹೋಗೋದು? ಭಾನುವಾರ ಆದ್ರೂ ಮೈದಾನಕ್ಕೆ ಬರ್ತಿದ್ರು. ಆಟ ಇಲ್ಲ, ಹುಡುಗರಿಲ್ಲ, ಸುಮ್ನೆ ಕಲ್ಲಿನ ಮೇಲೆ ಕೂತ್ಕೊಳ್ಳೋದು. ನಾನು ಗಿಡಕ್ಕೆ ನೀರು ಬಿಡೋಕೆ ಅಂತ ಹೋಗ್ತಿದ್ದೆ. ಪೈಪ್ ಹಿಡ್ಕೊಂಡು ನಾನು, ಕಲ್ಲಿನ ಮೇಲೆ ಅವರು, ಒಂದೆರಡು ಗಂಟೆ ಮಾತಾಡ್ತಿದ್ವಿ. ಮಾತು ಅಂದ್ರೆ ಏನು, ಮಳೆ, ಹೊಗೆಸೊಪ್ಪಿನ ರೇಟು, ಯಾವ ಹುಡುಗ ಎಷ್ಟು ಸೆಕೆಂಡಲ್ಲಿ ಓಡಿದ, ಇಷ್ಟೇ. ಹೋಗುವಾಗ, "ಮುಂದಿನ ವಾರ ಬರ್ತೀಯಲ್ಲಾ?" ಅಂತ ತಪ್ಪದೆ ಕೇಳ್ತಿದ್ರು. ಹದಿನಾಲ್ಕು ವರ್ಷದಲ್ಲಿ ನಾನು ಒಂದು ದಿನ, 'ಸರ್, ನಮ್ಮನೆಗೆ ಬನ್ನಿ, ಬಿಸಿ ಮುದ್ದೆ ಉಣ್ಣಿ' ಅಂತ ಕರೀಲಿಲ್ಲ. ಯಾಕೆ ಅಂತ ಕೇಳಬೇಡಿ. ಹೊಳೀಲಿಲ್ಲ, ಅಷ್ಟೇ.

ಸರ್‌ಗೆ ಒಂದು ಆಸೆ ಇತ್ತು. ನಾನೂರು ಮೀಟರಿನ ಟ್ರ್ಯಾಕು. ನಮ್ಮ ಮೈದಾನದಲ್ಲಿ ಇದ್ದದ್ದು ಇನ್ನೂರು ಮೀಟರಿನ ಅಂಕುಡೊಂಕು ಸುತ್ತು, ಅರ್ಧದಲ್ಲಿ ಹೊಸ ಕಟ್ಟಡದ ಜಲ್ಲಿ ರಾಶಿ. ಮೂರು ವರ್ಷದ ಹಿಂದೆ ಕಟ್ಟಡ ಮುಗೀತು. ಕಾಲೇಜಿನ ಕಾರ್ಯದರ್ಶಿ ಗಂಗಾಧರಪ್ಪನೋರು ಜೆಸಿಬಿ ಕಳಿಸಿ ಮೈದಾನ ಮಟ್ಟ ಮಾಡಿಸಿದ್ರು. "ಪ್ರಸಾದ್ ಅವ್ರೇ, ನಿಮ್ಮ ಟ್ರ್ಯಾಕು ಮಾಡ್ಕೊಳ್ಳಿ. ಈ ವರ್ಷ ಯೂನಿವರ್ಸಿಟಿ ಮೀಟಲ್ಲಿ ಒಂದು ಮೆಡಲ್ ತನ್ನಿ, ನಿಮ್ಮ ಖಾಯಂ ಫೈಲು ನಾನೇ ಮಂಡಳಿ ಮುಂದೆ ಇಡ್ತೀನಿ" ಅಂದ್ರು. ಸರ್‌ಗೆ ಆಗ ನಲವತ್ತೇಳು. ಆವತ್ತು ಅವರ ಮುಖ ನೋಡಬೇಕಿತ್ತು ನೀವು.

ಇಲ್ಲೇ ಎಡವಟ್ಟಾಗಿದ್ದು. ಸೋಮವಾರ ಟ್ರ್ಯಾಕ್ ಉದ್ಘಾಟನೆ ಅಂತ ಗಂಗಾಧರಪ್ಪನೋರು ಕಾರ್ಡ್ ಹೊಡೆಸಿಬಿಟ್ರು. ಆ ವಾರವೇ ಸರ್ ಮೈಸೂರಲ್ಲಿ ಒಂದು ಕ್ರೀಡಾಕೂಟಕ್ಕೆ ಡ್ಯೂಟಿ ಮೇಲೆ ಹೋಗಬೇಕಾಗಿತ್ತು. ಒಂದು ಹಾಳೆಯಲ್ಲಿ ಟ್ರ್ಯಾಕಿನ ಚಿತ್ರ ಬರೆದು ಅಳತೆ ಹಾಕಿ ನನ್ನ ಕೈಗೆ ಕೊಟ್ರು. ನೇರ ಗೆರೆ ಎಂಬತ್ನಾಲ್ಕು ಮೀಟರು ಮೂವತ್ತೊಂಬತ್ತು ಸೆಂಟಿಮೀಟರು, ತಿರುವಿಗೆ ನಡುಗೂಟದಿಂದ ಅಂಚಿಗೆ ಮೂವತ್ತಾರೂವರೆ ಮೀಟರು. ಸೆಂಟಿಮೀಟರಂತೆ! ಓಡೋ ಹುಡುಗರೇನು ಚಿನ್ನ ತೂಗ್ತಾರಾ ಅಂತ ನಾನು ನಕ್ಕೆ. ಸರ್ ನಗಲಿಲ್ಲ. "ಹುಷಾರಾಗಿ ಅಳಿ ನಿಂಗರಾಜು" ಅಂದ್ರು.

ಅಳೆಯೋಣ ಅಂತ ನೋಡಿದ್ರೆ ಉಕ್ಕಿನ ಟೇಪು ಆಫೀಸಿನ ಬೀರುವಲ್ಲಿ ಇರೋದು. ಬೀರುವಿಗೆ ಬೀಗ, ಬೀಗದ ಕೀ ಸೂಪರಿಂಟೆಂಡೆಂಟ್ ಹತ್ರ, ಅವರು ತಿರುಪತಿಗೆ ಹೋಗವ್ರೆ. ನಾನೇನು ಸುಮ್ನೆ ಕೂರೋ ಆಸಾಮಿನಾ? ಮನೆಗೆ ಹೋಗಿ ನಮ್ಮಪ್ಪನ ಮೀಟರ್ ಹಗ್ಗ ತಂದೆ. ಹೊಗೆಸೊಪ್ಪಿನ ಸಸಿ ನಾಟಿ ಮಾಡುವಾಗ ಸಾಲು ಹಿಡಿಯೋ ಹಗ್ಗ ಅದು. ಉದ್ದಕ್ಕೂ ಗಂಟು, ಒಂದು ಗಂಟಿಗೆ ಒಂದು ಸಾಲು. ನಮ್ಮ ಮನೇಲಿ ನಾನು ಹುಟ್ಟಿದಾಗಿಂದ ಅದಕ್ಕೆ ಮೀಟರ್ ಹಗ್ಗ ಅಂತಲೇ ಹೆಸರು. ಗಂಟು ಎಣಿಸಿಕೊಂಡು, ಗೂಟ ಹೊಡೆದು, ತಿರುವು ಎಳೆದು, ಒಳಗಡೆ ಅಂಚಿಗೆ ಗುರುತಿನ ಕಲ್ಲು ಹೂತು, ಸುಣ್ಣ ಹಾಕಿ ಮುಗಿಸಿದಾಗ ನನ್ನ ಕಣ್ಣಿಗೇ ದೃಷ್ಟಿಯಾಗೋ ಹಂಗಿತ್ತು. ಸೋಮವಾರ ಬೆಳಿಗ್ಗೆ ಸರ್ ಬಸ್ಸಿಳಿದು ನೇರ ಮೈದಾನಕ್ಕೇ ಬಂದ್ರು. ಹೆಗಲಲ್ಲಿ ಬ್ಯಾಗು ಹಂಗೇ ಇತ್ತು. ಒಂದು ಸುತ್ತು ನಡೆದು, "ಭೇಷ್ ಕಣೋ" ಅಂತ ಬೆನ್ನು ತಟ್ಟಿದ್ರು. ಅಷ್ಟೊತ್ತಿಗೆ ಗಂಗಾಧರಪ್ಪನೋರ ಕಾರು ಬಂತು, ರಿಬ್ಬನ್ ಕಟ್ ಮಾಡೋದು, ಫೋಟೋ, ಭಾಷಣ, ಗಲಾಟೆಯಲ್ಲಿ ದಿನ ಹೋಯ್ತು.

ಆವತ್ತಿಂದ ನಮ್ಮ ಹುಡುಗರು ಹಾರೋಕೆ ಶುರು ಮಾಡಿದ್ರು ನೋಡಿ. ಬೀಡಿ ಸೇದೋ ಹುಡುಗರೂ ಹಿಂದಿನ ವರ್ಷಕ್ಕಿಂತ ಐದಾರು ಸೆಕೆಂಡು ಬೇಗ ಬರ್ತಿದ್ರು. ಸರ್ ಸ್ಟಾಪ್‌ವಾಚ್ ನೋಡೋದು, ಮತ್ತೆ ನೋಡೋದು, ಸೀಟಿ ಊದೋದು. "ಮೈದಾನ ಮಟ್ಟ ಇದ್ರೆ ಕಾಲಿಗೆ ಧೈರ್ಯ ಬರುತ್ತೆ" ಅಂತ ಹೇಳಿದ್ರು. ಒಳ್ಳೇದಾಗುವಾಗ ಯಾರು ಸ್ವಾಮಿ ಅಳತೆ ಕೇಳ್ತಾರೆ?

ಎಲ್ಲರಿಗಿಂತ ಮುಂದೆ ರೇಣುಕಾ. ಎಚ್.ಡಿ. ಕೋಟೆ ಕಡೆ ಕಾಡಂಚಿನ ಗಿರಿಜನರ ಹಾಡಿಯ ಹುಡುಗಿ, ಹುಣಸೂರಲ್ಲಿ ಹಾಸ್ಟೆಲಲ್ಲಿ ಇದ್ಕೊಂಡು ಬಿ.ಎ. ಎರಡನೇ ವರ್ಷ ಓದ್ತಿದ್ಲು. ಮಾತು ಕಮ್ಮಿ. ಸಾವಿರದೈನೂರು ಮೀಟರ್ ಓಡೋಕೆ ನಿಂತ್ರೆ ಮೊದಲನೇ ಹೆಜ್ಜೆ ಹೆಂಗೋ ಕೊನೇ ಹೆಜ್ಜೆಯೂ ಹಂಗೇ. ನಮ್ಮ ಟ್ರ್ಯಾಕಲ್ಲಿ ನಾಲ್ಕು ನಿಮಿಷ ಐವತ್ತಾರು ಸೆಕೆಂಡಿಗೆ ಮುಗಿಸಿದ್ಲು. ಹಿಂದಿನ ವರ್ಷ ಯೂನಿವರ್ಸಿಟೀಲಿ ಫಸ್ಟ್ ಬಂದ ಹುಡುಗಿ ಓಡಿದ್ದು ಐದು ನಿಮಿಷ ಎರಡು ಸೆಕೆಂಡು. ಸರ್ ಆ ಟೈಮಿಂಗನ್ನ ದೊಡ್ಡ ಅಕ್ಷರದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿದ್ರು. ಗಂಗಾಧರಪ್ಪನೋರು ಓದಿದ್ರು. ವಾರದೊಳಗೆ ಗೇಟಿಗೆ ಫ್ಲೆಕ್ಸು: 'ನಮ್ಮ ಕಾಲೇಜಿನ ಹೆಮ್ಮೆ'. ಫ್ಲೆಕ್ಸಲ್ಲಿ ಅವರ ಮುಖ ಆಳೆತ್ತರ, ರೇಣುಕಾ ಮುಖ ನಿಂಬೆಹಣ್ಣಿನಷ್ಟು. ಕೂಸು ಹುಟ್ಟೋಕೆ ಮುಂಚೆ ಕುಲಾವಿ!

ಡಿಸೆಂಬರ್ ಬಂದ್ರೆ ರೇಣುಕಾ ಅವ್ವನ ಜೊತೆ ಕೊಡಗಿಗೆ ಕಾಫಿ ಕುಯ್ಯೋಕೆ ಹೋಗ್ತಿದ್ಲು. ಆ ವರ್ಷ ಸರ್ ಹಾಡಿಗೇ ಹೋಗಿ ಅವಳ ಅವ್ವನಿಗೆ ಹೇಳಿ ಒಪ್ಪಿಸಿದ್ರು. "ಈ ಹುಡುಗಿ ಮೆಡಲ್ ತರ್ತಾಳೆ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತೆ, ನನ್ನ ಮಾತು ನಂಬಿ" ಅಂದ್ರಂತೆ. ಆಯಮ್ಮ ನಂಬಿ ಒಬ್ಳೇ ಲಾರಿ ಹತ್ತಿದ್ಲು.

ಮೈಸೂರಲ್ಲಿ ಓಟದ ದಿನ ನಾನೂ ಹೋಗಿದ್ದೆ, ನೀರಿನ ಕ್ಯಾನ್ ಹೊತ್ಕೊಂಡು. ಹನ್ನೊಂದು ಜನ ಹುಡುಗೀರು. ರೇಣುಕಾ ನಮ್ಮೂರಲ್ಲಿ ಹೆಂಗೆ ಓಡ್ತಿದ್ಲೋ ಹಂಗೇ ಓಡಿದ್ಲು, ಒಂದು ಹೆಜ್ಜೆ ತಪ್ಪಲಿಲ್ಲ. ಬಂದದ್ದು ಏಳನೇದಾಗಿ. ಐದು ನಿಮಿಷ ಇಪ್ಪತ್ನಾಲ್ಕು ಸೆಕೆಂಡು. ಗೆರೆ ದಾಟಿ ಹುಲ್ಲಿನ ಮೇಲೆ ಕೂತು, "ನನ್ ಕಾಲಿಗೆ ಏನಾಯ್ತು ಸರ್? ನನ್ ಕಾಲಿಗೆ ಏನಾಯ್ತು?" ಅಂತ ಎರಡೂ ಮೊಣಕಾಲಿಗೆ ಹೊಡ್ಕೊಂಡ್ಲು. ಸರ್ ಸ್ಟಾಪ್‌ವಾಚನ್ನೇ ನೋಡ್ತಾ ನಿಂತಿದ್ರು. ವಾಪಸ್ ಬರುವಾಗ ಬಸ್ಸಲ್ಲಿ ಅವಳು, "ನಾನು ಅವ್ವನ ಹತ್ರ ಹೋಗ್ತೀನಿ ಸರ್. ನಂಗೆ ಓಟಾನೂ ಬ್ಯಾಡ, ಕಾಲೇಜೂ ಬ್ಯಾಡ" ಅಂದ್ಲು. ಬಿಳಿಕೆರೆ ದಾಟಿದ ಮೇಲೆ ಸರ್ ನನ್ನ ಕಡೆ ಬಗ್ಗಿ, "ಸುಸ್ತಾದೋರು ಕೊನೇ ಸುತ್ತಲ್ಲಿ ಬೀಳ್ತಾರೆ ಕಣೋ. ಇವಳು ಮೊದಲನೇ ಸುತ್ತಿಂದಲೇ ನಮ್ಮ ಟ್ರ್ಯಾಕಿನ ಟೈಮಿಗಿಂತ ಏಳು ಸೆಕೆಂಡ್ ಹಿಂದೆ. ಪ್ರತೀ ಸುತ್ತೂ ಅದೇ ಏಳು" ಅಂದ್ರು. ನನಗೆ ತಲೆಬುಡ ಅರ್ಥ ಆಗಲಿಲ್ಲ.

ಮಾರನೇ ದಿನ ಗಂಗಾಧರಪ್ಪನೋರು ಸರ್‌ನ ಕರೆಸಿದ್ರು. ಬೈತಾರೆ ಅಂತ ನಾನು ಬಾಗಿಲ ಹತ್ರವೇ ಇದ್ದೆ. ಅವರು ನಗ್ತಾ, "ಹುಡುಗಿ ಹೆದರ್ಕೊಂಡು ಕೈಕೊಟ್ಲು, ನಿಮ್ಮ ತಪ್ಪೇನ್ರೀ? ನಿಮ್ಮ ಟೈಮಿಂಗ್ ರೆಕಾರ್ಡೆಲ್ಲಾ ನೋಡಿದೀನಿ, ಕೆಲಸ ಚೆನ್ನಾಗಿ ಮಾಡಿದೀರ. ಮುಂದಿನ ಶನಿವಾರದ ಮೀಟಿಂಗಲ್ಲಿ ಫೈಲ್ ಇಡ್ತೀನಿ, ಸ್ವೀಟ್ ತಗೊಂಡು ಬನ್ನಿ" ಅಂದ್ರು. ಸರ್ ಹೊರಗೆ ಬಂದಾಗ ನಾನು ಕೈ ಹಿಡಿದು ಕುಲುಕಿದೆ. ಹದಿನಾಲ್ಕು ವರ್ಷದ ತಪಸ್ಸು ಸ್ವಾಮಿ! ಅವರ ಕೈ ತಣ್ಣಗಿತ್ತು.

ಭಾನುವಾರ ಮಧ್ಯಾಹ್ನ ನಾನು ಗಿಡಕ್ಕೆ ನೀರು ಬಿಡೋಕೆ ಹೋದ್ರೆ ಸರ್ ಉರಿ ಬಿಸಿಲಲ್ಲಿ ಒಬ್ರೇ ಬಗ್ಗಿಕೊಂಡು ಉಕ್ಕಿನ ಟೇಪ್ ಎಳೀತಾವ್ರೆ. ಒಂದು ತುದಿಗೆ ಕಲ್ಲಿಟ್ಟು, ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಒಬ್ಬ ಮನುಷ್ಯ ಇಡೀ ಟ್ರ್ಯಾಕ್ ಅಳೆಯೋದು ಸುಲಭ ಅಲ್ಲ. ನಾನು ಹತ್ರ ಹೋದೆ. ಬೆವರು ಒರೆಸ್ಕೊಂಡು ಹೇಳಿದ್ರು, "ಮುನ್ನೂರ ಅರವತ್ತಾರು ಇದೆ ನಿಂಗರಾಜು. ಮೂವತ್ನಾಲ್ಕು ಮೀಟರ್ ಕಮ್ಮಿ."

"ಯಾವುದರಲ್ಲಿ ಅಳೆದೆ?" ಅಂತ ಕೇಳಿದ್ರು. ಬೈಲಿಲ್ಲ, ಮೆಲ್ಲಗೇ ಕೇಳಿದ್ರು.

ಆ ಒಂದು ಗಳಿಗೆಯಲ್ಲಿ ನನ್ನ ತಲೇಲಿ ಏನೇನು ಓಡ್ತು ಅಂತ ಹೇಳ್ತೀನಿ, ಮುಚ್ಚಿಡಲ್ಲ. ಗಂಗಾಧರಪ್ಪನೋರ ಮುಖ ಬಂತು. ನನ್ನ ಖಾಯಂ ಪೋಸ್ಟು ಬಂತು. ಮನೆ ಮೇಲೆ ಹಾಕಿಸ್ತಿದ್ದ ಆರ್‌ಸಿಸಿ ಬಂತು. ಬಾಯಿ ತಾನೇ ಹೇಳ್ತು: "ಟೇಪಲ್ಲೇ ಸರ್. ಬೀರುವಿಂದ ತಗೊಂಡಿದ್ದೆ."

ಸರ್ ನನ್ನ ಮುಖ ನೋಡಿದ್ರು. ಸುಮಾರು ಹೊತ್ತು ನೋಡಿದ್ರು. ಆಮೇಲೆ "ಹ್ಞೂಂ" ಅಂತ ಟೇಪ್ ಸುತ್ತೋಕೆ ಶುರು ಮಾಡಿದ್ರು. ನಾನು ನಲ್ಲಿ ಕೂಡ ನಿಲ್ಲಿಸದೆ ಮನೆಗೆ ಓಡಿದೆ.

ಹೋಗಿ ಅಟ್ಟದಿಂದ ಹಗ್ಗ ಇಳಿಸಿದೆ. ಅವ್ವ ರಾಗಿ ಕೇರ್ತಿದ್ಲು. "ಅವ್ವ, ಈ ಮೀಟರ್ ಹಗ್ಗದಲ್ಲಿ ಗಂಟಿಂದ ಗಂಟಿಗೆ ಒಂದು ಮೀಟರ್ ಅಲ್ವಾ?" ಅಂದೆ.

ಅವ್ವ ನಕ್ಕುಬಿಟ್ಲು. "ಅದೆಲ್ಲಿ ಮೀಟ್ರು ಬಂತ್ಲಾ? ಸೊಪ್ಪಿನ ಆಫೀಸ್ನೋರು ಸಾಲಿಂದ ಸಾಲಿಗೆ ಮೀಟ್ರು ಬುಡಿ ಬುಡಿ ಅಂತ ಬಡ್ಕೊಂಡ್ರು. ನಿಮ್ಮಪ್ಪ ಕೇಳ್ತಾನಾ? ಎಕ್ರೆಗೆ ನಾಕು ಸಾಲು ಜಾಸ್ತಿ ಬರ್ಲಿ ಅಂತ ಮೂರು ಅಡಿಗೇ ಗಂಟು ಆಕ್ಕೊಂಡ. ಆಫೀಸ್ನೋರು ಬಂದ್ರೆ ತೋರ್ಸಕ್ಕೆ ಎಸರು ಮಾತ್ರ ಮೀಟ್ರಗ್ಗ."

ಮೀಟರ್ ಅಂದ್ರೆ ಮೂರು ಅಡಿ ಮೂರೂಕಾಲು ಇಂಚು. ಗಂಟಿಗೆ ಮೂರು ಮೂರು ಇಂಚು ಹೋಯ್ತು, ನಾನೂರು ಗಂಟಿಗೆ ಮೂವತ್ನಾಲ್ಕು ಮೀಟರ್ ಹೋಯ್ತು. ನಮ್ಮಪ್ಪ ಸತ್ತು ಹನ್ನೆರಡು ವರ್ಷ. ಹೊಗೆಸೊಪ್ಪಿನ ಆಸೆಗೆ ಅವನು ಹಾಕಿದ ಗಂಟು ಹೋಗಿ ಹಾಡಿಯ ಹುಡುಗಿ ಕಾಲಿಗೆ ಸುತ್ಕೊಳ್ತು.

ಸೋಮವಾರ ರೇಣುಕಾ ಟಿ.ಸಿ. ಕೇಳೋಕೆ ಬಂದ್ಲು. ಸರ್ ಅವಳನ್ನ ಮೈದಾನಕ್ಕೆ ಕರ್ಕೊಂಡು ಹೋಗಿ ಟೇಪಿನ ಒಂದು ತುದಿ ಅವಳ ಕೈಗೆ ಕೊಟ್ರು. ಇಬ್ರೂ ಸೇರಿ ಮತ್ತೆ ಅಳೆದ್ರು. ನಾನು ವರಾಂಡದ ಕಂಬದ ಹಿಂದೆ ನಿಂತು ನೋಡ್ತಿದ್ದೆ. ಸರ್ ಅಂದ್ರು, "ನಿನ್ನ ಕಾಲಿಗೆ ಏನೂ ಆಗಿಲ್ಲ ಕಣವ್ವ. ಮೈದಾನ ಗಿಡ್ಡ ಇತ್ತು. ನಾನು ಕೊಟ್ಟ ಟೈಮಿಂಗೆಲ್ಲಾ ತಪ್ಪು."

ಅವಳು ಕೈಲಿದ್ದ ಟೇಪಿನ ಅಂಕಿ ನೋಡಿದ್ಲು. ಆಮೇಲೆ, "ಅಂದ್ರೆ ನಾನು ಮೊದ್ಲಿಂದ್ಲೂ ಇಷ್ಟೇನಾ ಸರ್?" ಅಂದ್ಲು.

"ಹೌದು. ಇಷ್ಟೇ. ಆದ್ರೆ ಕಮ್ಮಿ ಆಗಿಲ್ಲ. ಇಲ್ಲಿಂದ ಮುಂದೆ ಹೋಗಬಹುದು."

ಅವಳಿಗೆ ಸಿಟ್ಟು ಬಂತು. ಬರಲೇಬೇಕಲ್ವಾ? "ನಮ್ಮವ್ವನಿಗೂ ಸುಳ್ಳು ಹೇಳಿದ್ರಿ" ಅಂತ ಟೇಪಿನ ತುದಿ ನೆಲಕ್ಕೆ ಬಿಸಾಕಿ ಹೋದ್ಲು. ಟಿ.ಸಿ. ಮಾತ್ರ ತಗೊಳ್ಳಲಿಲ್ಲ. ಹದಿನೈದು ದಿನ ಕೊಡಗಲ್ಲಿ ಕಾಫಿ ಕುಯ್ದು ವಾಪಸ್ ಬಂದ್ಲು.

ಸರ್ ಅಷ್ಟಕ್ಕೆ ಬಿಡಬಹುದಿತ್ತು. ಹುಡುಗಿಗೆ ಹೇಳಾಯ್ತು, ಇನ್ನೂ ಶನಿವಾರ ಬಂದಿಲ್ಲ, ಫೈಲ್ ಪಾಸಾಗಲಿ ಅಂತ ಒಂದು ವಾರ ಬಾಯಿ ಮುಚ್ಕೊಂಡು ಇದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು? ನಾನಾಗಿದ್ರೆ ಇರ್ತಿದ್ದೆ. ಇವರು ಬುಧವಾರವೇ ಮಂಡಳಿಗೆ ಕಾಗದ ಬರೆದ್ರು. ಟ್ರ್ಯಾಕ್ ಅಳತೆ ತಪ್ಪು, ಬೋರ್ಡಿಗೆ ಹಾಕಿದ ಟೈಮಿಂಗ್ ತಪ್ಪು, ಸರಿ ಮಾಡಬೇಕಾದ್ರೆ ಕಲ್ಲುಗಳನ್ನ ಹೊರಗೆ ಸರಿಸಬೇಕು ಅಂತ. ಆ ಕಾಗದವನ್ನ ಆಫೀಸಿಗೆ ತಗೊಂಡು ಹೋಗಿ ಕೊಟ್ಟೋನೂ ನಾನೇ.

ಶನಿವಾರ ಮೀಟಿಂಗಲ್ಲಿ ಟೀ ಕೊಡ್ತಿದ್ದೋನೂ ನಾನೇ. ಗಂಗಾಧರಪ್ಪನೋರು ಕಾಗದ ಮೇಜಿಗೆ ಕುಕ್ಕಿ, "ಏನ್ರೀ ಇದು? ಫ್ಲೆಕ್ಸ್ ಹಾಕಿದೀನಿ, ಪೇಪರಿಗೆ ಕೊಟ್ಟಿದೀನಿ. ಈಗ ಊರೆಲ್ಲಾ ನಗಲಿ ಅಂತಾನಾ?" ಅಂದ್ರು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಉರಿದದ್ದು ಬೇರೆ. ಸರಿಯಾದ ಅಳತೆಗೆ ಕಲ್ಲು ಸರಿಸಿದ್ರೆ ಟ್ರ್ಯಾಕು ಮೈದಾನದ ಅಂಚಲ್ಲಿ ಕಟ್ಟಿಸಿದ್ದ ಅವರ ಕಾರಿನ ಶೆಡ್ಡಿನ ಮಧ್ಯಕ್ಕೇ ಹೋಗ್ತಿತ್ತು. "ಅಳೆದಿದ್ದು ಯಾರು?" ಅಂತ ಗದರಿದ್ರು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನಾನು ಟ್ರೇ ಹಿಡ್ಕೊಂಡು ಗೋಡೆ ಕಡೆ ಸರಿದೆ.

"ನಾನೇ ಸರ್" ಅಂದ್ರು ಬಸವಪ್ರಸಾದ್ ಸರ್.

"ನೀವು ಆ ವಾರ ಮೈಸೂರಲ್ಲಿ ಇದ್ರಲ್ರೀ?"

"ಬಂದ ಮೇಲೆ ನೋಡಬೇಕಾದೋನು ನಾನು. ನನ್ನ ಜವಾಬ್ದಾರಿ."

ಅವರು ಒಂದು ಸಲ ಕೂಡ ನನ್ನ ಕಡೆ ತಿರುಗಲಿಲ್ಲ. ನಾನು ಟೀ ಇಟ್ಟು ಹೊರಗೆ ಬಂದೆ. ಈಗ ಒಳಗೆ ಹೋಗಿ ಹೇಳು, ಈಗ ಹೋಗು, ಅಂತ ಮನಸ್ಸು ಹೊಡ್ಕೊಳ್ತಿತ್ತು. ಹೋಗಲಿಲ್ಲ. ಹೇಡಿ ನನ್ಮಗ ನಾನು.

ಫೈಲು ಮುಚ್ಚಿಹೋಯ್ತು. ಜೂನಲ್ಲಿ ಅವರನ್ನ ಮತ್ತೆ ತಗೊಳ್ಳಲಿಲ್ಲ. ಹೋಗೋಕೆ ಮುಂಚೆ ಸರ್ ರಜೆ ದಿನಗಳಲ್ಲಿ ಒಬ್ರೇ ಹಾರೆ ಹಿಡಿದು ಕಲ್ಲುಗಳನ್ನ ಹೊರಗೆ ಸರಿಸಿದ್ರು, ಶೆಡ್ಡಿನ ಹತ್ರ ಒಂದು ತಿರುವು ಬಿಟ್ಟು. ಆ ತಿರುವಿಗೆ ಎಷ್ಟು ಸೇರಿಸಿ ಲೆಕ್ಕ ಹಾಕಬೇಕು ಅಂತ ರೇಣುಕಾಗೆ ಒಂದು ಚೀಟಿಯಲ್ಲಿ ಬರೆದುಕೊಟ್ರು. ಅವಳು ಅಷ್ಟೊತ್ತಿಗೆ ಅವರ ಜೊತೆ ಮಾತಾಡೋಕೆ ಶುರು ಮಾಡಿದ್ಲು. ನಾನು? ನಾನು ಶನಿವಾರ ಸಾಯಂಕಾಲವೇ ಗಿಡಗಳಿಗೆ ಎರಡು ದಿನದ ನೀರು ಬಿಟ್ಟು ಮನೆಗೆ ಹೋಗಿಬಿಡ್ತಿದ್ದೆ. ಅವರ ಮುಖ ನೋಡೋಕೆ ಆಗ್ತಿರಲಿಲ್ಲ.

ಮುಂದಿನ ವರ್ಷ ರೇಣುಕಾ ಐದು ನಿಮಿಷ ಎಂಟು ಸೆಕೆಂಡಲ್ಲಿ ಓಡಿ ಮೂರನೇ ಸ್ಥಾನ ತಂದ್ಲು. ಕಂಚಿನ ಮೆಡಲ್. ಗೇಟಿಗೆ ಮತ್ತೆ ಫ್ಲೆಕ್ಸು. ಗಂಗಾಧರಪ್ಪನೋರ ಮುಖ, ಹೊಸದಾಗಿ ಬಂದ ಯಾವನೋ ಮೇಷ್ಟ್ರ ಮುಖ. ನನ್ನ ಸರ್ ಮುಖ ಎಲ್ಲೂ ಇಲ್ಲ. ನನಗೆ ಕೋಪ ಬಂದು ಆ ಫ್ಲೆಕ್ಸಿನ ಒಂದು ಕಡೆ ದಾರ ಬಿಚ್ಚಿಬಿಟ್ಟೆ, ಗಾಳಿಗೆ ಪಟಪಟ ಹೊಡ್ಕೊಳ್ತಾ ಇತ್ತು. ಅಷ್ಟು ಮಾತ್ರ ನನ್ನ ಪೌರುಷ. ರೇಣುಕಾ ಮೈಸೂರಿಂದಲೇ ಸರ್‌ಗೆ ಫೋನ್ ಮಾಡಿದ್ಲಂತೆ. "ಏನಂದ್ರು?" ಅಂತ ಕೇಳಿದೆ. "ಟ್ರ್ಯಾಕ್ ಅಳೆದಿದ್ರಾ ಅಂದ್ರು ನಿಂಗಣ್ಣ. ಅಳೆದಿದ್ರು ಅಂದೆ. ಆಮೇಲೆ ಅತ್ಕೊಂಡ್ರು ಅನ್ಸುತ್ತೆ" ಅಂದ್ಲು.

ಮೊನ್ನೆ ಶನಿವಾರ ನಾನು ಕಂಪಲಾಪುರಕ್ಕೆ ಹೋದೆ. ಸರ್ ಈಗ ಅಲ್ಲೊಂದು ಸಣ್ಣ ಸ್ಕೂಲಲ್ಲಿ ಪಿ.ಟಿ. ಮೇಷ್ಟ್ರು. ಹಗ್ಗವನ್ನ ಚೀಲದಲ್ಲಿ ಹಾಕ್ಕೊಂಡು ಹೋಗಿದ್ದೆ. ಸ್ಕೂಲ್ ಬಿಟ್ಟಿತ್ತು. ಮೆಟ್ಟಿಲ ಮೇಲೆ ಒಬ್ರೇ ಕೂತು ವಾಲಿಬಾಲಿಗೆ ಗಾಳಿ ಹೊಡೀತಿದ್ರು. ತಲೆಯೆಲ್ಲಾ ಬೆಳ್ಳಗಾಗಿದೆ, ನಾನು ತೌಡಿನ ಧೂಳು ಅನ್ಕೊಂಡೆ. ಕುತ್ತಿಗೇಲಿ ಅದೇ ಸೀಟಿ. "ಅರೆ, ನಿಂಗರಾಜು! ಬಾರೋ, ಬಾರೋ" ಅಂತ ಎದ್ದು ನಿಂತ್ರು, ಯಾರೋ ನೆಂಟರು ಬಂದಂಗೆ.

ನಾನು ಕೂರಲಿಲ್ಲ. ಹಗ್ಗ ತೆಗೆದು ಅವರ ಮುಂದೆ ಇಟ್ಟೆ. "ಸರ್, ಆವತ್ತು ನಾನು ಟೇಪಲ್ಲಿ ಅಳೀಲಿಲ್ಲ. ಇದರಲ್ಲಿ ಅಳೆದಿದ್ದು. ನಿಮಗೆ ಸುಳ್ಳು ಹೇಳಿದೆ" ಅಂದೆ.

ಸರ್ ಹಗ್ಗ ಎತ್ಕೊಂಡು ಒಂದು ಗಂಟಿಂದ ಇನ್ನೊಂದು ಗಂಟಿಗೆ ಗೇಣು ಹಾಕಿ ನೋಡಿದ್ರು. "ಇದಾ? ನಾನು ಏನೇನೋ ಯೋಚನೆ ಮಾಡಿದ್ದೆ" ಅಂದ್ರು. "ಸುಳ್ಳು ಅಂತ ನನಗೆ ಆವತ್ತೇ ಗೊತ್ತು ಕಣಯ್ಯ. ಟೇಪು ಬೀರುವಲ್ಲಿ ಇರಲಿಲ್ಲ. ಲಾಂಗ್‌ಜಂಪ್ ಅಳೆಯೋಕೆ ಬೇಕು ಅಂತ ಆ ವಾರ ನಾನೇ ಮೈಸೂರಿಗೆ ತಗೊಂಡು ಹೋಗಿದ್ದೆ, ನಿನಗೆ ಬೇಕಾಗುತ್ತೆ ಅನ್ನೋದೇ ಮರೆತು. ನನ್ನ ಬ್ಯಾಗಲ್ಲಿತ್ತು."

"ಮತ್ತೆ ಮೀಟಿಂಗಲ್ಲಿ ಯಾಕೆ ಸರ್ ನೀವು..."

"ಸೋಮವಾರ ವಾಪಸ್ ಬಂದಾಗಲೂ ಬ್ಯಾಗಲ್ಲೇ ಇತ್ತಲ್ಲ ಟೇಪು. ತೆಗೆದು ಅಳೆದಿದ್ರೆ ಅರ್ಧ ಗಂಟೆ ಕೆಲಸ. ಸಾಯಂಕಾಲ ಅಳೆಯೋಣ ಅನ್ಕೊಂಡೆ. ಅಷ್ಟರಲ್ಲಿ ಮೊದಲನೇ ದಿನದ ಟೈಮಿಂಗ್ ಬಂತು. ನೋಡಿದ ತಕ್ಷಣ ಅನುಮಾನ ಬಂತು ಕಣೋ. ಇಪ್ಪತ್ತು ವರ್ಷದಿಂದ ವಾಚ್ ಹಿಡಿದೋನಿಗೆ ಗೊತ್ತಾಗಲ್ವಾ? ಆಮೇಲೆ ಟೇಪ್ ಮುಟ್ಟೋಕೆ ಭಯ ಆಯ್ತು. ಖಾಯಂ ಆಗೋ ಆಸೆ. ನೀನು ಒಂದು ಸಲ ಸುಳ್ಳು ಹೇಳಿದೆ. ನಾನು ನಾಲ್ಕು ತಿಂಗಳು ದಿನಾ ಸೀಟಿ ಊದಿದೆ."

ನಾನೂ ಮೆಟ್ಟಿಲ ಮೇಲೆ ಕೂತೆ. ರಸ್ತೆಯಲ್ಲಿ ಕುಶಾಲನಗರದ ಬಸ್ಸು ಹೋಯ್ತು. ನನಗೆ ಇನ್ನೂ ಒಂದು ಮಾತು ಕೇಳಬೇಕಿತ್ತು. "ಹೋಗ್ಲಿ ಸರ್, ಮೈದಾನದಲ್ಲಿ ನಾವಿಬ್ರೇ ಇದ್ವಲ್ಲ. ಆಗಲಾದ್ರೂ ನನ್ನನ್ನ ಹಿಡಿದು ಕೇಳಬಹುದಿತ್ತಲ್ಲ, ಎರಡು ಬಾರಿಸಬಹುದಿತ್ತಲ್ಲ."

ಸರ್ ಚೆಂಡನ್ನ ಒತ್ತಿ ನೋಡಿ ಪಕ್ಕಕ್ಕೆ ಇಟ್ರು. "ಕೇಳಬೇಕು ಅಂತ ಬಾಯಿಗೆ ಬಂದಿತ್ತು. ಆದ್ರೆ ನಿನ್ನನ್ನ ಸುಳ್ಳುಗಾರ ಅಂದುಬಿಟ್ರೆ ನೀನು ಬರೋದು ನಿಲ್ಲಿಸಿಬಿಡ್ತೀಯಾ ಅನ್ನಿಸ್ತು. ಆಮೇಲೆ ಭಾನುವಾರ ನಾನು ಯಾರ ಹತ್ರ ಮಾತಾಡ್ಲಿ ನಿಂಗರಾಜು?"

ಆವತ್ತಿಂದ ಅವರು ಊರು ಬಿಡೋವರೆಗೂ ಆರು ತಿಂಗಳು. ಒಂದು ಭಾನುವಾರವೂ ನಾನು ಮೈದಾನಕ್ಕೆ ಹೋಗಿರಲಿಲ್ಲ.